ಕೂಲರ್ ಹೊತ್ತುಕೊಂಡು ಒಮಾನಿಗೆ

ಶಹಾಬಜಾರ

ಆ ಹೊತ್ತಿಗೆ ಹನ್ನೆರಡು ವರ್ಷಗಳಿಂದ ನಾನು ಕಲಬುರಗಿಯ ಒಂದು ದಿನಪತ್ರಿಕೆಯಲ್ಲಿ, ಬೇರೆ ಕೆಲಸಗಳ ಜೊತೆಗೆ, ಹವಾಮಾನದ ಚೌಕಟ್ಟನ್ನೂ ಬರೆಯುತ್ತಿದ್ದೆ. ಬರೆಯುವುದು ಎಂದರೆ ದೊಡ್ಡ ಮಾತಾಯಿತು. ಸಂಜೆ ಹವಾಮಾನ ಕಚೇರಿಗೆ ಫೋನ್ ಮಾಡಬೇಕು, ಅವರು ಹೇಳಿದ ಎರಡು ಅಂಕಿಗಳನ್ನು ಚೀಟಿಯ ಮೇಲೆ ಗೀಚಿಕೊಳ್ಳಬೇಕು, ಮೊದಲ ಪುಟದ ಎಡಮೂಲೆಗೆ ಕಳಿಸಬೇಕು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಊರಿನ ಜನ ಸಂಪಾದಕೀಯ ಬಿಟ್ಟರೂ ಆ ಚೌಕಟ್ಟನ್ನು ಬಿಡುವುದಿಲ್ಲ. ಅಂಕಿ ಕಡಿಮೆ ಬಂದರೆ ಜಗಳಕ್ಕೇ ಬರುತ್ತಾರೆ. ಒಮ್ಮೆ ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಕಚೇರಿಯ ಮೆಟ್ಟಿಲು ಹತ್ತಿ ಬಂದು, "ನಮ್ಮ ಅಂಗಡಿ ಮುಂದಿನ ಡಾಂಬರ್ ಚಪ್ಪಲಿಗಿ ಹತ್ತಲಾಕತ್ತದ, ನೀವು ನಿನ್ನಿಗಿಂತ ಒಂದ ಡಿಗ್ರಿ ಕಮ್ಮಿ ಅಂತ ಬರೀತೀರಿ. ಯಾವ ಊರಾಗ ಕುಂತ ಬರೀತೀರಿ?" ಎಂದು ಕೇಳಿದ್ದರು. ಬಿಸಿಲು ನಮ್ಮ ಊರಿನವರ ಹೆಮ್ಮೆ. ಅದನ್ನು ಯಾರೂ ಇಳಿಸಿ ಮಾತಾಡಬಾರದು.

ಹೀಗಾಗಿ ಸೆಕೆಯ ವಿಷಯದಲ್ಲಿ ನನ್ನನ್ನು ನಾನು ತಜ್ಞ ಎಂದೇ ತಿಳಿದಿದ್ದೆ. ನನ್ನ ತಮ್ಮ ಶಿವಶರಣ ಕೂಡ ಹಾಗೆಯೇ ತಿಳಿದಿದ್ದ. ರಸ್ತೆ ಕಟ್ಟುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿ ಅವನು ಒಮಾನ್ ದೇಶಕ್ಕೆ ಹೋಗಿ ಒಂದು ವರ್ಷವಾಗಿತ್ತು. ಆ ವರ್ಷದ ಮಾರ್ಚಿನಲ್ಲಿ ಹೆಂಡತಿ ಮಹಾದೇವಿಯನ್ನೂ ಮೂರು ವರ್ಷದ ಮಗಳು ಗೌರಿಯನ್ನೂ ಮಸ್ಕತ್ ನಗರಕ್ಕೆ ಕರೆಸಿಕೊಂಡಿದ್ದ. ಜೂನ್ ಕೊನೆಗೆ ಅವನ ಪತ್ರ ಬಂತು. ಜುಲೈಯಲ್ಲಿ ಮೂರು ವಾರ ಬಂದು ಇದ್ದು ಹೋಗು ಎಂದು ನನ್ನನ್ನು ಕರೆದಿದ್ದ. ಕೊನೆಯಲ್ಲಿ ಒಂದು ಬೇಡಿಕೆ: "ಮಾದೇವಿಗೆ ಎ.ಸಿ. ಗಾಳಿ ಹಿಡಿಸುವುದಿಲ್ಲ, ಮೈಕೈ ನೋಯುತ್ತವೆ. ಬರುವಾಗ ನಮ್ಮ ಊರಿನ ಕೂಲರ್ ಒಂದನ್ನು ಬಿಚ್ಚಿಸಿಕೊಂಡು ತಾ."

ನಮ್ಮ ಊರಿನ ಕೂಲರ್ ಎಂದರೆ ತಗಡಿನ ಪೆಟ್ಟಿಗೆ. ಮೂರು ಕಡೆ ವಾಳದ ಬೇರಿನ ತಟ್ಟಿ, ಅಂದರೆ ಲಾವಂಚದ ಚಾಪೆ. ಒಳಗೊಂದು ಫ್ಯಾನು, ಕೆಳಗೆ ನೀರು, ನೀರನ್ನು ಮೇಲಕ್ಕೆತ್ತಿ ತಟ್ಟಿಗಳ ಮೇಲೆ ಸುರಿಸುವ ಸಣ್ಣ ಪಂಪು. ಒಣ ಗಾಳಿ ಒದ್ದೆ ಬೇರಿನ ನಡುವೆ ಹಾದು ತಂಪಾಗಿ ಬರುತ್ತದೆ, ಜೊತೆಗೆ ಮಣ್ಣಿನ ಪರಿಮಳ. ಮೇ ತಿಂಗಳ ಮಧ್ಯಾಹ್ನ ಶಹಾಬಜಾರದ ನಮ್ಮ ಮನೆಯಲ್ಲಿ ಅದರ ಮುಂದೆ ಮಲಗಿದವರು ಮಂತ್ರಿ ಊರಿಗೆ ಬಂದರೂ ಏಳುವುದಿಲ್ಲ. ಇದು ಅನುಭವದ ಮಾತು.

ಸೂಪರ್ ಮಾರ್ಕೆಟ್ಟಿನ ತಗಡು ಕೆಲಸದ ಖಾಜಾಸಾಬರಿಗೆ ಬಿಚ್ಚಿ ಜೋಡಿಸುವಂಥ ಕೂಲರ್ ಹೇಳಿದೆ. ಎಲ್ಲಿಗೆಂದು ತಿಳಿದದ್ದೇ ಅವರು ಸುತ್ತಿಗೆ ಕೆಳಗಿಟ್ಟರು. "ಉಧರ್ ಅಪ್ನೇಸೇ ಜ್ಯಾದಾ ಗರ್ಮಿ ರಹತೀ ಸಾಬ್. ನಮಗಿಂತ ಸೆಕಿ ಜಾಸ್ತಿ, ತಟ್ಟಿ ಡಬಲ್ ದಪ್ಪ ಹಾಕ್ತೀನಿ. ಅರಬರು ಬಂದು ನೋಡಿ ಹೋಗ್ಬೇಕು."

ಕಮಲಾಪುರ

ಹೊರಡುವ ಹಿಂದಿನ ಭಾನುವಾರ ಮಹಾದೇವಿಯ ತಂದೆಯನ್ನು ಕಾಣಲು ಹುಮನಾಬಾದ್ ರಸ್ತೆ ಹಿಡಿದು ಸ್ಕೂಟರಿನಲ್ಲಿ ಕಮಲಾಪುರಕ್ಕೆ ಹೋದೆ. ಕಲಬುರಗಿಯಿಂದ ಒಂದು ತಾಸಿನ ದಾರಿ. ಮಳೆ ಇನ್ನೂ ಹಿಡಿದಿರಲಿಲ್ಲ. ಊರು ಹತ್ತಿರ ಬಂದಂತೆ ರಸ್ತೆ ತಗ್ಗಿಗೆ ಇಳಿಯಿತು. ಬಾಳೆಯ ತೋಟಗಳು ಕಾಣತೊಡಗಿದವು. ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ.

ಬಸಣ್ಣಪ್ಪ ಕೆಂಪು ಬಾಳೆಯ ಬೆಳೆಗಾರರು. ಮುಂಬಯಿಯವರೆಗೂ ಹೆಸರು ಮಾಡಿದ ಹಣ್ಣು ಅದು. ನನ್ನನ್ನು ಅವರು ಕರೆಯುವುದು ಪೇಪರ್ ಬೀಗ್ರು ಎಂದು. ತೋಟದೊಳಗೆ, ಕಾಲುವೆಯ ಬದಿಗೆ, ಗೋಣಿಚೀಲ ಹಾಸಿ ಕೂಡಿಸಿದರು. ಮೇಲೆ ಎಲೆಗಳ ಚಪ್ಪರ, ಕೆಳಗೆ ಹಸಿ ಮಣ್ಣು. ಹಣ್ಣು ಸುಲಿದು ಕೈಗೆ ಕೊಟ್ಟು, ಅಂಗಿಯ ಜೇಬಿನಿಂದ ಮಗಳ ಪತ್ರ ತೆಗೆದರು. ತಾವೇ ಓದಿದರು:

"ಅಪ್ಪಾ, ಇಲ್ಲಿ ಬಾಗ್ಲ ತೆಗದ್ರ ಗಾಳಿ ಒದ್ದಿ ಅರಿವಿ ಬಡದಂಗ ಮಾರಿಗಿ ಬಡೀತದ. ಗೌರಿ ಬೆನ್ನ ತುಂಬ ಬೆವರಸಾಲಿ ಎದ್ದಾವ. ಹಗಲೆಲ್ಲ ಬಾಗ್ಲ ಹಾಕ್ಕೊಂಡು ಕುಂದರ್ತೀವಿ. ನಾ ಇಲ್ಲಿ ಇರ್ಲಾರೆ ಅನಸ್ತದ."

ಮಡಚಿ ಮತ್ತೆ ಜೇಬಿಗಿಟ್ಟರು.

"ಬೀಗ್ರ, ನೀವು ಪೇಪರ್ ಮಂದಿ. ಕಂಡಿದ್ದು ಕಂಡಂಗ ಹೇಳ್ತೀರಿ. ಅಲ್ಲಿ ಹೋಗಿ ನೋಡ್ರಿ. ಆಕಿ ಬರ್ತೀನಿ ಅಂದ್ರ ಸುಮ್ಮ ಕರಕೊಂಡು ಬರ್ರಿ. ಬುದ್ಧಿ ಹೇಳಲಾಕ ಹೋಗಬ್ಯಾಡ್ರಿ."

"ಶಿವಶರಣ ಏನಂತಾನೋ, ಕಾಕಾ?"

"ಅಳಿಯ ಛಲೋನೇ ಅದಾನ. ಅವನ ಮ್ಯಾಲ ನಂದೇನ ತಕರಾರ ಇಲ್ಲ. ಆದ್ರ ಅವಗ ಇದು ತಿಳಿಯೂದಿಲ್ಲ. ಕಲಬುರ್ಗ್ಯಾಗ ಹುಟ್ಟಿದಾವ."

ಕಲಬುರಗಿಯಲ್ಲಿ ಹುಟ್ಟಿದವನಿಗೆ ಸೆಕೆ ತಿಳಿಯುವುದಿಲ್ಲವೇ? ಮಾತು ನನಗೆ ವಿಚಿತ್ರವೆನಿಸಿತು. ಪ್ರಶ್ನೆ ಕೇಳುವುದೇ ನನ್ನ ವೃತ್ತಿ. ಆದರೂ ಕೇಳಲಿಲ್ಲ, ಇನ್ನೊಂದು ಹಣ್ಣು ತಿಂದೆ.

ಮಸ್ಕತ್

ಮಸ್ಕತ್ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗೆ ನನ್ನ ಪೆಟ್ಟಿಗೆಯಲ್ಲಿ ಮೊದಲು ಕಂಡದ್ದು ಸುತ್ತಿಟ್ಟ ವಾಳದ ತಟ್ಟಿಗಳು. ಹಗ್ಗ ಬಿಚ್ಚಿದ, ಮೂಸಿದ, ಪಕ್ಕದ ಇಬ್ಬರನ್ನು ಕರೆದ. ಅವರೂ ಮೂಸಿದರು. ಧೂಪಕ್ಕೆ ಹೆಸರಾದ ದೇಶ ಅದು, ಪರಿಮಳದ ವಿಷಯದಲ್ಲಿ ಅವಸರ ಮಾಡುವುದಿಲ್ಲ. ಆ ಅಧಿಕಾರಿಗೆ ಹಿಂದಿ ಬರುತ್ತಿತ್ತು. ನನ್ನ ಶಹಾಬಜಾರದ ಉರ್ದುವಿನಲ್ಲಿ ವಿವರಿಸಿದೆ: ನೀರು ಸುರಿಯಬೇಕು, ಹಿಂದಿನಿಂದ ಫ್ಯಾನ್ ಹಚ್ಚಬೇಕು, ತಂಪು ಗಾಳಿ ಬರುತ್ತದೆ.

"ಮಸ್ಕತ್ ಮೇ?" ಎಂದ.

"ಮಸ್ಕತ್ ಮೇ," ಎಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಾವೇ ಹಗ್ಗ ಕಟ್ಟಿ, ಆಸ್ಪತ್ರೆಗೆ ಹೋಗುವವನನ್ನು ಬೀಳ್ಕೊಡುವವರಂತೆ ನನ್ನ ಹೆಗಲು ತಟ್ಟಿ ಕಳಿಸಿದರು. ಆ ಕರುಣೆಗೆ ಕಾರಣ ತಿಳಿಯಲು ಎರಡು ದಿನ ಹಿಡಿಯಿತು.

ಹೊರಬಾಗಿಲು ದಾಟಿದ ಕ್ಷಣ ನನಗೆ ಕಣ್ಣು ಕಾಣದಾಯಿತು. ಎದುರಿಗೆ ತಮ್ಮ ಕೈಬೀಸುತ್ತಿದ್ದವನು ಬೆಳ್ಳಗೆ ಕರಗಿಹೋದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಮತ್ತೆ ಬೆಳ್ಳಗಾಯಿತು. ನಮ್ಮಲ್ಲಿ ಕನ್ನಡಕದ ಮೇಲೆ ಧೂಳು ಕೂಡುತ್ತದೆ. ಗಾಳಿಯೇ ಬಂದು ಕೂಡುವುದನ್ನು ಕಂಡಿರಲಿಲ್ಲ. ಮೂರನೆಯ ಸಲ ಒರೆಸುವಾಗ ಶಿವಶರಣನ ದನಿ ಕೇಳಿತು.

"ಅಣ್ಣಾ, ಒರಸಬ್ಯಾಡ. ಹತ್ತ ನಿಮಿಷ ಬಿಡು, ತಾನೇ ಹೋಗ್ತದ. ನಾ ಮೊದಲ್ನೇ ದಿನ ಕಣ್ಣಿನ ಡಾಕ್ಟರ್ ಕಡಿ ಹೋಗಿದ್ದೆ."

ಮರುದಿನ ಅಲ್ಲಿನ ಪತ್ರಿಕೆಯಲ್ಲಿ ನನ್ನ ಅಭ್ಯಾಸದಂತೆ ಮೊದಲು ಹವಾಮಾನದ ಚೌಕಟ್ಟು ಹುಡುಕಿದೆ. ಮಸ್ಕತ್‌ನ ಅಂಕಿ ನಮ್ಮ ಮೇ ತಿಂಗಳ ಅಂಕಿಗಿಂತ ಕಡಿಮೆಯೇ ಇತ್ತು. ಅಂಕಿಯ ಪ್ರಕಾರ ನಾನು ಸುಖವಾಗಿರಬೇಕಿತ್ತು. ಆದರೆ ಬೆವರು ಬಂದದ್ದು ಹೋಗುತ್ತಿರಲಿಲ್ಲ. ನಮ್ಮಲ್ಲಿ ಬೆವರು ಬರುವುದೇ ತಿಳಿಯುವುದಿಲ್ಲ. ಅಂಗಿಯ ಬೆನ್ನ ಮೇಲೆ ಉಪ್ಪಿನ ಗೆರೆ ಮೂಡಿದಾಗ ಬಂದು ಹೋಯಿತೆಂದು ಗೊತ್ತಾಗುತ್ತದೆ. ಇಲ್ಲಿ ಅದು ನೆಂಟನಂತೆ ಬಂದು ಕೂತೇಬಿಡುತ್ತದೆ. ಬೆಳಿಗ್ಗೆ ಕಿಟಕಿಯ ಗಾಜುಗಳೂ ಹೊರಗಡೆಯಿಂದ ಬೆವರುತ್ತಿದ್ದವು.

ಸ್ನಾನದ ಮನೆಯಲ್ಲಿ ಇನ್ನೊಂದು ಪಾಠವಾಯಿತು. ನೀಲಿ ಗುರುತಿನ ನಲ್ಲಿ ತಿರುಗಿಸಿದೆ, ಕೈ ಸುಟ್ಟಿತು. ಹೊರಗಿನಿಂದ ಮಹಾದೇವಿ ಕೂಗಿ ಹೇಳಿದಳು: "ಭಾವಾರ, ಕೆಂಪಂದು ತಿರುವ್ರಿ. ಇಲ್ಲಿ ಕೆಂಪ ಅಂದ್ರ ತಣ್ಣೀರು." ಮಾಳಿಗೆಯ ಮೇಲಿನ ಟಾಕಿಯ ನೀರು ಹಗಲೆಲ್ಲ ಕುದಿಯುತ್ತದೆ, ಅದೇ ನೀಲಿ ನಲ್ಲಿಗೆ ಬರುತ್ತದೆ. ನೀರು ಕಾಯಿಸುವ ಗೀಸರನ್ನು ಬೇಸಿಗೆಯಲ್ಲಿ ಆರಿಸಿಬಿಡುತ್ತಾರೆ. ಮನೆಯೊಳಗಿನ ತಂಪಿನಲ್ಲಿ ಅದರ ನೀರು ಆರಿರುತ್ತದೆ. ಹೀಗೆ ಕಾಯಿಸುವ ಯಂತ್ರದಿಂದ ತಣ್ಣೀರು ಪಡೆಯುವ ಊರು ಅದು.

ಶುಕ್ರವಾರ ರಜೆ. ಅಣ್ಣತಮ್ಮಂದಿರು ಕೂಡಿ ಕೂಲರ್ ಜೋಡಿಸಿ ಕಿಟಕಿಗೆ ನಿಲ್ಲಿಸಿದೆವು. ಶಿವಶರಣ ಎ.ಸಿ. ಆರಿಸಿದ, ನಾನು ಪಂಪಿನ ಗುಂಡಿ ಒತ್ತಿದೆ. ಮೊದಲ ಹತ್ತು ನಿಮಿಷ ಮನೆಯಲ್ಲಿ ವಾಳದ ಪರಿಮಳ ತುಂಬಿ ಇಬ್ಬರೂ ಕಣ್ಣು ಮುಚ್ಚಿ ಕೂತೆವು. ಅರ್ಧ ಗಂಟೆಯಲ್ಲಿ ಗೋಡೆಯ ಕ್ಯಾಲೆಂಡರ್ ಹಾಳೆಗಳು ಸುರುಳಿ ಸುತ್ತಿಕೊಂಡವು. ತಾಟಿನಲ್ಲಿದ್ದ ಹಪ್ಪಳ ಅರಿವೆಯಂತೆ ಮಡಚತೊಡಗಿತು. ನೆಲದ ಮೇಲೆ ಬೆರಳಾಡಿಸುತ್ತಿದ್ದ ಗೌರಿ ತಲೆಯೆತ್ತಿ ಹೇಳಿದಳು: "ಅವ್ವಾ, ಮನಿ ಬೆವರ್ಲಾಕತ್ತದ."

ಕಾರಣ ಸರಳ. ಒಣ ಗಾಳಿಗೆ ನೀರಿನ ದಾಹ ಇರುತ್ತದೆ, ನೀರು ಕುಡಿದು ತಣ್ಣಗಾಗುತ್ತದೆ. ಕಡಲ ದಂಡೆಯ ಮಸ್ಕತ್‌ನ ಗಾಳಿ ಮೊದಲೇ ಹೊಟ್ಟೆ ತುಂಬ ಕುಡಿದು ಬಂದಿರುತ್ತದೆ. ಸುಂಕದ ಅಧಿಕಾರಿಗೆ ಗೊತ್ತಿದ್ದ ಈ ಸಂಗತಿ ಹನ್ನೆರಡು ವರ್ಷ ಹವಾಮಾನ ಬರೆದವನಿಗೆ ಗೊತ್ತಿರಲಿಲ್ಲ.

ಮಹಾದೇವಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಅಷ್ಟು ದೂರದಿಂದ ಹೊತ್ತ ತಂದು ನಮ್ಮನ್ನ ಕುದಿಸಿದ್ರಲ್ರಿ, ಭಾವಾರ."

"ಇರ್ಲಿ," ಎಂದ ಶಿವಶರಣ. "ಇದು ನಿಜ್ವಾಕ್ಕ ನಡೀತದ."

ಆಗ ಅವನು ವಿಷಯ ಬಿಚ್ಚಿದ. ಕಂಪನಿಯ ಕೆಲಸ ಮೂರು ಊರುಗಳಲ್ಲಿತ್ತು. ಮಸ್ಕತ್, ಬೆಟ್ಟಗಳ ಹಿಂದಿನ ಒಳನಾಡಾದ ನಿಜ್ವಾ, ದಕ್ಷಿಣದ ತುದಿಯ ಸಲಾಲಾ. ಸಂಸಾರ ಇರುವವರು ಎಲ್ಲಿ ಮನೆ ಬೇಕೆಂದು ಫಾರಂ ತುಂಬಿಕೊಡಬೇಕು. ತಿಂಗಳ ಕೊನೆಗೆ ಗಡುವು. ಒಮ್ಮೆ ಬರೆದರೆ ಮೂರು ವರ್ಷ ಅಲ್ಲಿಯೇ.

"ಸಲಾಲಾ ಬಿಡು, ಅದು ಭಾಳ ದೂರ," ಎಂದ. "ನಿಜ್ವಾ ನೋಡು ಅಣ್ಣಾ, ನಮ್ಮ ಊರ ಇದ್ದಂಗ ಅದ. ಮಾದೇವಿಗೂ ಅಲ್ಲಿ ಆರಾಮ ಅನಸ್ತದ. ಹೌದಿಲ್ಲೋ?"

ಮಹಾದೇವಿ ಒದ್ದೆ ನೆಲ ಒರೆಸುತ್ತಿದ್ದಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ 'ಒಪ್ಪಿಗೆ' ಎಂದು ಬರೆದುಕೊಂಡಿದ್ದೇನೆ. ವರದಿಗಾರನೊಬ್ಬ ಮೌನವನ್ನು ಹೀಗೆ ದಾಖಲಿಸಬಾರದು.

ನಿಜ್ವಾ

ಕಂಪನಿಯ ಜೀಪಿನಲ್ಲಿ ಎಲ್ಲರೂ ಕೂಲರ್ ಸಮೇತ ನಿಜ್ವಾ ನೋಡಲು ಹೊರಟೆವು. ಚಾಲಕ ಸಲೀಂ ಅಲ್ಲಿಯವನೇ. ತಾಯಿಯ ಕಡೆಯವರು ಬಲೂಚಿಗಳಾದ್ದರಿಂದ ಅವನಿಗೆ ಉರ್ದು ಸಲೀಸು. ಮಸ್ಕತ್‌ನಿಂದ ಬೆಟ್ಟದ ಸಂದಿನಲ್ಲಿ ಎರಡು ತಾಸು ಓಡಿಸಿ, ಇಳಿಯುವ ಮೊದಲೇ ಎಚ್ಚರಿಸಿದ: ಇಲ್ಲಿನ ಬಿಸಿಲು ಕೆಟ್ಟದ್ದು, ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಬಾಗಿಲು ತೆರೆದು ಕಾಲು ಕೆಳಗಿಟ್ಟೆ. ಬೆಂಕಿಯ ಮುಂದೆ ನಿಂತಂತೆ ಝಳ ಬಡಿಯಿತು. ತುಟಿ ಬಿರಿಯಿತು. ಹಾಯೆನಿಸಿತು.

"ಬಂತ ನೋಡು ನಮ್ಮೂರು," ಎಂದ ಶಿವಶರಣ.

ಸಲೀಂನ ಮನೆಯಲ್ಲಿ ಎರಡು ದಿನ ಇದ್ದೆವು. ಅವನ ತಾಯಿ ನಮ್ಮ ಅವ್ವನ ವಯಸ್ಸಿನವರು. ಅಂಗಳದಲ್ಲಿ ಚಾಪೆ ಹಾಸಿ ಖರ್ಜೂರ ಒಣಹಾಕಿದ್ದರು, ನಮ್ಮಲ್ಲಿ ಮೆಣಸಿನಕಾಯಿ ಹರಡಿದ ಹಾಗೆಯೇ. ಒಗೆದ ಟವೆಲ್ ಹರವಿ, ಚಹಾ ಕುಡಿದು ಬರುವಷ್ಟರಲ್ಲಿ ಒಣಗಿ ಸೆಟೆದಿತ್ತು. ಬೆಟ್ಟದ ಬುಡದಿಂದ ಬರುವ ನೀರಿನ ಕಾಲುವೆ ಮನೆಗಳ ನಡುವೆ ಹರಿಯುತ್ತದೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಿಂದೆ ನೆರಳು ಅಳೆದು ಹಂಚುತ್ತಿದ್ದರಂತೆ. ಬಿಸಿಲನ್ನು ಅಷ್ಟು ಗೌರವದಿಂದ ಬಳಸುವ ಜನ ನಮಗೆ ಬೀಗರಾಗಬೇಕಿತ್ತು ಎಂದುಕೊಂಡೆ.

ಕೂಲರನ್ನು ಸಲೀಂನ ಮನೆಯ ಪಡಸಾಲೆಯಲ್ಲಿ ಜೋಡಿಸಿದೆವು. ಐದು ನಿಮಿಷಕ್ಕೆ ಪಡಸಾಲೆ ಶಹಾಬಜಾರವಾಯಿತು. ಮುದುಕಿ ತಟ್ಟಿಯ ಹತ್ತಿರ ಮುಖ ಇಟ್ಟು ಮೂಸಿ, ಎರಡೂ ಕೈಯೆತ್ತಿ ಏನೋ ಹೇಳಿ, ಅದರ ಮುಂದೆ ಮಲಗಿಬಿಟ್ಟರು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಖಾಜಾಸಾಬರು ಇದ್ದಿದ್ದರೆ ಮುಂದಿನ ಹತ್ತು ವರ್ಷ ಇದನ್ನೇ ಹೇಳುತ್ತಿದ್ದರು.

ಶಿವಶರಣ ಫಾರಂ ತೆಗೆದು ಪೆನ್ಸಿಲ್ಲಿನಲ್ಲಿ 'ನಿಜ್ವಾ' ಎಂದು ಬರೆದ. ಮಸ್ಕತ್‌ಗೆ ಮರಳಿ ಶಾಯಿಯಲ್ಲಿ ಬರೆಯುವುದು, ಅಷ್ಟೇ ಬಾಕಿ.

ಇಳಿಹೊತ್ತು ನಾನು ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದೆ. ಮಹಾದೇವಿ ಬಂದು ಸ್ವಲ್ಪ ದೂರದಲ್ಲಿ ನಿಂತಳು. ಬೆರಳ ತುದಿಗೆ ಎಣ್ಣೆ ಹಚ್ಚಿಕೊಂಡು ಮೂಗಿನ ಹೊಳ್ಳೆಗೆ ಸವರಿಕೊಳ್ಳುತ್ತಿದ್ದಳು.

"ಭಾವಾರ, ನೀವು ಹೋಗುವಾಗ ನಂದೂ ಗೌರೀದೂ ಟಿಕೀಟ್ ತೆಗಸ್ರಿ. ನಾ ಕಮಲಾಪುರಕ್ಕ ಹೋಗ್ತೀನಿ."

"ಯಾಕವಾ? ಈ ಊರ ಛಲೋ ಅನಸಲಿಲ್ಲೇನು? ಥೇಟ್ ನಮ್ಮೂರಿನಂಗ ಅದ."

"ಅದಕ್ಕೇ ಹೇಳ್ಲಾಕತ್ತೀನಿ. ಇಲ್ಲೇ ಇರೂದಾದ್ರ ನಾ ಶಹಾಬಜಾರ ಯಾಕ ಬಿಡಬೇಕಿತ್ತು?"

ಅರ್ಥವಾಗಲಿಲ್ಲ. ನೋಡಿದೆ. ಅವಳು ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ನಿಮ್ಮ ಮನ್ಯಾಗ ಐದ ಬ್ಯಾಸಗಿ ತೆಗದೀನ್ರಿ. ಐದೂ ಬ್ಯಾಸಗಿ ಮೂಗಿನ್ಯಾಗ ರಕ್ತ ಬರ್ತಿತ್ತು. ಅತ್ತಿ 'ಬಾಳಿ ಎಲಿ ಬಾಡ್ತು ನೋಡ್ರಿ' ಅಂತ ನಗ್ತಿದ್ರು. ನಾನೂ ನಗ್ತಿದ್ದೆ. ನೀವು ದಿನಾ ಪೇಪರಿನ್ಯಾಗ ಇಷ್ಟ ಬಿಸಿಲು, ಅಷ್ಟ ಬಿಸಿಲು ಅಂತ ಹಾಕ್ತಿದ್ರಿ. ಒಂದ ತಾಸಿನ ದಾರಿಯಿಂದ ಬಂದಾಕಿಗಿ ಪರದೇಶ ಆದಂಗ ಆಗೇದ ಅಂದ್ರ ಯಾರ ನಂಬ್ತಾರ್ರಿ? ಮಸ್ಕತ್ತಿನ್ಯಾಗ ಕುದೀತೀನಿ, ಇಲ್ಲಿ ಒಣಗ್ತೀನಿ. ಕುದ್ದೂ ಆತು, ಒಣಗೀನೂ ಆತು. ಸಾಕ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದ ಉತ್ತರ ಹೇಳಿದ ಹಾಗಿತ್ತು. ಐದು ಬೇಸಿಗೆ ನಾನು ಅದೇ ಮನೆಯಲ್ಲಿ, ಅದೇ ಕೂಲರಿನ ಮುಂದೆ ಮಲಗಿ ಎದ್ದು, ಊರಿಗೆಲ್ಲ ಬಿಸಿಲಿನ ಸುದ್ದಿ ಕೊಟ್ಟಿದ್ದೆ. ಅಡುಗೆಮನೆಯ ಸುದ್ದಿ ನನಗೇ ತಲುಪಿರಲಿಲ್ಲ. ಬುದ್ಧಿ ಹೇಳಬೇಡಿ ಎಂದು ಬಸಣ್ಣಪ್ಪ ಮೊದಲೇ ಹೇಳಿದ್ದರು.

"ಆಗ್ಲಿ," ಎಂದೆ. "ಮಸ್ಕತ್ತಿಗಿ ಹೋದ ಕೂಡ್ಲೆ ತೆಗಸ್ತೀನಿ."

ಶಿವಶರಣನಿಗೆ ಅವಳೇ ಹೇಳಿದಳು. ಅವನು ಆಮೇಲೆ ಪಡಸಾಲೆಗೆ ಹೋಗಿ, ನಡೆಯುತ್ತಿದ್ದ ಕೂಲರನ್ನು ಎದುರಾಳಿಯನ್ನು ನೋಡುವಂತೆ ನೋಡುತ್ತ ನಿಂತ.

ಬೆಟ್ಟದ ಅಂಚು

ಮರುದಿನವೇ ಮಸ್ಕತ್‌ಗೆ ಮರಳುವಂತಿರಲಿಲ್ಲ. ರೋಡ್ ರೋಲರಿನ ಬಿಡಿಭಾಗಗಳನ್ನು ಸಲಾಲಾಕ್ಕೆ ಮುಟ್ಟಿಸುವ ಕೆಲಸ ಶಿವಶರಣನ ಮೇಲಿತ್ತು. ಹೆಂಗಸು, ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ? ಎಲ್ಲರೂ ನಸುಕಿನಲ್ಲಿ ಜೀಪು ಹತ್ತಿದೆವು. ಕೂಲರ್ ಮಾತ್ರ ನಿಜ್ವಾದಲ್ಲಿಯೇ ಉಳಿಯಿತು. ಅದನ್ನು ಎತ್ತಬೇಕಾದರೆ ಮೊದಲು ಮುದುಕಿಯನ್ನು ಎಬ್ಬಿಸಬೇಕಿತ್ತು.

ಆ ರಸ್ತೆಯ ಬಗ್ಗೆ ಬರೆಯಲು ಹೆಚ್ಚಿಲ್ಲ. ಎಡಕ್ಕೆ ಮರಳು, ಬಲಕ್ಕೆ ಕಲ್ಲು, ಮುಂದೆ ಗೆರೆ ಎಳೆದಂಥ ಡಾಂಬರು. ನಮ್ಮ ಕಡೆ ಎಷ್ಟೇ ಬಯಲಿದ್ದರೂ ಒಂದು ಬೇವಿನ ಗಿಡ, ಅದರ ಕೆಳಗೊಬ್ಬ ಮನುಷ್ಯ ಇರುತ್ತಾನೆ. ಇಲ್ಲಿ ತಾಸುಗಟ್ಟಲೆ ಯಾರೂ ಇಲ್ಲ. ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತು ರೊಟ್ಟಿ ತಿಂದೆವು. ಗಂಡಹೆಂಡಿರ ನಡುವೆ "ನೀರು ಕೊಡು", "ತಗೋರಿ" ಬಿಟ್ಟು ಬೇರೆ ಮಾತಿಲ್ಲ. ಗೌರಿ ಒಂಟೆ ಎಣಿಸುತ್ತ ಹತ್ತರವರೆಗೆ ಹೋಗಿ, ಮುಂದಿನ ಅಂಕಿ ಬಾರದೆ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು.

ಮಧ್ಯಾಹ್ನ ಮೂರರ ಸುಮಾರಿಗೆ ರಸ್ತೆ ಏರತೊಡಗಿತು. ಹೊರಗೆ ಕಲ್ಲು ಕಾದು ಕುಣಿಯುತ್ತಿತ್ತು. ಒಂದು ತಿರುವಿನಲ್ಲಿ ಜೀಪಿನ ಮೂತಿಯ ಮುಂದೆ ಬಿಳಿ ಹೊಗೆ ಕಾಣಿಸಿತು. ನೋಡನೋಡುತ್ತ ದಟ್ಟವಾಯಿತು.

"ನಿಲ್ಸು, ನಿಲ್ಸು," ಎಂದ ಶಿವಶರಣ, ಕನ್ನಡದಲ್ಲಿಯೇ. "ರೇಡಿಯೇಟರ್ ಹೋತು. ಎಲ್ಲಾರೂ ಕೆಳಗ ಇಳೀರಿ."

ಸಲೀಂ ಜೀಪು ಬದಿಗೆ ಹಾಕಿದ. ಇಳಿಯಲಿಲ್ಲ. ಎ.ಸಿ. ಆರಿಸಿದ, ನಾಲ್ಕೂ ಕಿಟಕಿಯ ಗಾಜು ಇಳಿಸಿದ, ಕೈ ಹೊರಗೆ ಚಾಚಿ ಒದ್ದೆಯಾದ ಅಂಗೈಯನ್ನು ಶಿವಶರಣನ ಕೆನ್ನೆಗೆ ಒತ್ತಿದ.

"ಖರೀಫ್," ಎಂದ.

ಹತ್ತು ನಿಮಿಷದ ಹಿಂದೆ ಮುಟ್ಟಿದರೆ ಸುಡುತ್ತಿದ್ದ ಬಾಗಿಲ ಮೇಲೆ ಈಗ ಹನಿ ಇಳಿಯುತ್ತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ನಾವು ಮೋಡದೊಳಗೆ ಬಂದಿದ್ದೆವು. ಅರಬ್ಬೀ ಸಮುದ್ರದ ಮುಂಗಾರು ಬೆಟ್ಟದ ಆ ಮಗ್ಗುಲಿಗಷ್ಟೇ ಬಂದು ತಡೆದು ನಿಲ್ಲುತ್ತದೆ. ಈ ಮಗ್ಗುಲು ಮರಳುಗಾಡು, ಆ ಮಗ್ಗುಲು ಹಸಿರು. ನಡುವೆ ಇರುವುದು ಒಂದು ತಿರುವು. ಆ ಕಾಲವನ್ನು ಅಲ್ಲಿ ಖರೀಫ್ ಎನ್ನುತ್ತಾರೆ. ನಮ್ಮ ಊರ ಲೆಕ್ಕಿಗರಾದ ತಲಾಠಿಗಳು ಮುಂಗಾರು ಬೆಳೆಗೆ ಬರೆಯುವ ಶಬ್ದವೇ.

ಗೌರಿ ತಲೆ ಹೊರಗೆ ಹಾಕಿ, "ಹೊಗಿ ತಣ್ಣಗದ," ಎಂದಳು.

ಮಹಾದೇವಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮೂಗಿನ ತುಂಬ ಉಸಿರೆಳೆಯುತ್ತಿದ್ದಳು. ಕನ್ನಡಿಯಲ್ಲಿ ಇದನ್ನು ನೋಡಿದ ಸಲೀಂ ಉಳಿದ ದಾರಿಯನ್ನು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ.

ಸಲಾಲಾ

ಮಳೆ ಬಂದರೆ ನಮ್ಮ ಸ್ಟೇಶನ್ ಬಜಾರಿನಲ್ಲಿ ಜನ ಓಡುತ್ತಾರೆ. ಅಂಗಡಿಯ ತಗಡಿನ ಕೆಳಗೆ ಸೇರಿ, ಗುರುತಿಲ್ಲದವರೂ ಒಬ್ಬರಿಗೊಬ್ಬರು ಆತು ನಿಲ್ಲುತ್ತಾರೆ. ಸಲಾಲಾದಲ್ಲಿ ಮಳೆ ಬಂದರೆ ಜನ ಮನೆಯಿಂದ ಹೊರಗೆ ಬರುತ್ತಾರೆ. ಬೆಟ್ಟದ ಇಳಿಜಾರಿನ ಹುಲ್ಲಿನ ಮೇಲೆ ಕಂಬಳಿ ಹಾಸಿ, ಅಜ್ಜಅಜ್ಜಿಯರಿಂದ ಕೂಸುಗಳವರೆಗೆ ಇಡೀ ಸಂಸಾರಗಳು ಜಿನುಗು ಮಳೆಯಲ್ಲಿ ಸಾಲಾಗಿ ಕೂತಿದ್ದವು. ಛತ್ರಿ ಒಂದೂ ಇಲ್ಲ. ಚಹಾದ ಲೋಟದೊಳಗೆ ಹನಿ ಬೀಳುತ್ತಿದ್ದರೂ ಯಾರೂ ಲೋಟ ಮುಚ್ಚುತ್ತಿರಲಿಲ್ಲ. ಬೇರೆ ಬೇರೆ ಮರಳುನಾಡುಗಳಿಂದ ದಿನಗಟ್ಟಲೆ ಕಾರು ಓಡಿಸಿಕೊಂಡು ಬಂದು ತೋಯಿಸಿಕೊಳ್ಳುವವರು ಇವರು. ಕೆಸರಿನಲ್ಲಿ ಹೂತ ಕಾರೊಂದನ್ನು ನಾಲ್ವರು ದೂಡುತ್ತಿದ್ದರು, ನಾಲ್ವರೂ ನಗುತ್ತಿದ್ದರು.

ಮರುದಿನ ಬಿಡಿಭಾಗ ಇಳಿಸಿದ ಮೇಲೆ ಸಲೀಂ ನಮ್ಮನ್ನು ಪರಿಚಯದ ಸಯೀದ್ ಎಂಬ ಮುದುಕನ ತೋಟಕ್ಕೆ ಕರೆದೊಯ್ದ. ರಸ್ತೆ ಬದಿಗೆ ಎಳನೀರು, ಬಾಳೆಹಣ್ಣಿನ ಅಂಗಡಿ. ಹಿಂದೆ ತೆಂಗು, ಅದರ ಹಿಂದೆ ಬಾಳೆ. ನಾವು ಎಳನೀರು ಕುಡಿಯುತ್ತಿದ್ದೆವು. ಮಹಾದೇವಿ ಕಾಣಲಿಲ್ಲ.

ಬಾಳೆಯ ಸಾಲಿನ ನಡುವೆ ಕೂತಿದ್ದಳು. ಚಪ್ಪಲಿ ಬದಿಗಿಟ್ಟು, ಮಣ್ಣನ್ನು ಹಿಡಿಯಲ್ಲಿ ಹಿಂಡಿ ನೋಡುತ್ತಿದ್ದಳು. ನಮ್ಮನ್ನು ಕಂಡು ನನಗೆ ಹೇಳಿದಳು: "ಭಾವಾರ, ಈ ಅಜ್ಜನ್ನ ಕೇಳ್ರಿ. ಒಂದ ಗಿಡದ ಬುಡಕ್ಕ ಆರ ಕಂದ ಯಾಕ ಬಿಟ್ಟಾನ? ತಾಯಿಗಿ ಅನ್ನ ಎಲ್ಲಿಂದ ಸಿಗ್ತದ?"

ಕಂದು ಎಂದರೆ ಬಾಳೆಯ ಬುಡದಲ್ಲಿ ಏಳುವ ಮರಿ. ನಾನು ಉರ್ದುವಿನಲ್ಲಿ ಸಲೀಂನಿಗೆ, ಸಲೀಂ ಅರಬ್ಬಿಯಲ್ಲಿ ಸಯೀದನಿಗೆ ದಾಟಿಸಿದೆವು. ಮುದುಕ ತಲೆಯಿಂದ ಕಾಲಿನವರೆಗೆ ಅವಳನ್ನು ನೋಡಿ ಉತ್ತರ ಕೊಟ್ಟ. ಅದು ಅದೇ ದಾರಿಯಲ್ಲಿ ಮರಳಿ ಬಂತು: ನಮ್ಮ ಅಪ್ಪನ ಕಾಲದಿಂದ ಹೀಗೆಯೇ ಇದೆ.

"ಅವರಪ್ಪ ತಪ್ಪ ಮಾಡ್ಯಾನಂತ ಹೇಳ್ರಿ."

ಇದನ್ನು ನಾನು ಸ್ವಲ್ಪ ತಿದ್ದಿ ದಾಟಿಸಿದೆ. ಪತ್ರಿಕೆಯವರಿಗೆ ಅಷ್ಟು ಹಕ್ಕು ಇರಬೇಕು. ಆದರೆ ಅವಳ ಮುಖ ನೋಡಿ ಮುದುಕ ಮೂಲವನ್ನೇ ಓದಿಕೊಂಡ. ಸೊಂಟದ ಕುಡುಗೋಲು ತೆಗೆದು ಹಿಡಿಕೆಯ ಕಡೆಯಿಂದ ಅವಳತ್ತ ಚಾಚಿದ. ಮಾಡಿ ತೋರಿಸು ಎಂಬುದಕ್ಕೆ ಭಾಷೆ ಬೇಕಿರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಕಂದು ಆರಿಸಿ ಉಳಿಸಿದಳು. ಕತ್ತಿಯಂಥ ಸಣ್ಣ ಎಲೆಯದು. ಉಳಿದ ಐದನ್ನು ನೆಲಕ್ಕೆ ಸರಿಯಾಗಿ ಕೊಯ್ದು, ಅವನ್ನೇ ಬುಡಕ್ಕೆ ಹಾಸಿದಳು. ಎರಡನೆಯ ಗಿಡ, ಮೂರನೆಯದು. ಜಿನುಗು ಮಳೆ ಹತ್ತಿತ್ತು. ನಾಲ್ಕನೆಯದಕ್ಕೆ ಮುದುಕನೂ ಕೂತು, ಯಾವುದನ್ನು ಉಳಿಸಲಿ ಎಂದು ಬೆರಳು ತೋರಿಸಿ ಕೇಳತೊಡಗಿದ. ಅವಳು 'ಇದು' ಎನ್ನುತ್ತಿದ್ದಳು, ಅವನು 'ಇದು' ಎನ್ನುತ್ತಿದ್ದ. ಒಂದು ಸಾಲು ಮುಗಿಯುವ ಹೊತ್ತಿಗೆ ನಮ್ಮನ್ನು ಇಬ್ಬರೂ ಮರೆತಿದ್ದರು. ಅವಳ ಕೂದಲು ಹಣೆಗೆ ಅಂಟಿತ್ತು, ಮೊಣಕಾಲವರೆಗೆ ಮಣ್ಣು. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಅವಳನ್ನು ಹೀಗೆ ನೋಡಿದ ನೆನಪಿಲ್ಲ.

ಶಿವಶರಣ ನೋಡುತ್ತ ನಿಂತಿದ್ದ. ಕೈ ಜೇಬಿಗೆ ಹೋಗಿ ಫಾರಂ ಹೊರಬಂತು.

"ಮಾದೇವಿ," ಎಂದ. "ಇಲ್ಲಾದ್ರ ಇರ್ತೀಯೇನು?"

ಅವಳು ಕುಡುಗೋಲು ನಿಲ್ಲಿಸಿ ಅವನನ್ನು ನೋಡಿದಳು. "ನೀವು ಇರ್ತೀರೇನ್ರಿ?"

"ಎರಡ ಮೂರ ತಿಂಗ್ಳ ಸೂರ್ಯನ್ನ ಕಾಣಂಗಿಲ್ಲಂತ ಇಲ್ಲಿ. ಅಂಗಿ ಒಣಗೂದಿಲ್ಲ. ಹಾಸಿಗಿಗಿ ಬೂಸಲ ಹಿಡೀತದ. ಮಳ್ಯಾಗ ಡಾಂಬರ್ ಹ್ಯಾಂಗ ಹಾಕಬೇಕು?"

"ಐದ ವರ್ಷ ನಾ ಒಣಗೀನಿ. ಮೂರ ತಿಂಗ್ಳ ನೀವು ತೋಯ್ರಿ," ಎಂದಳು.

ಸಲೀಂ ನನ್ನ ಕಡೆ ನೋಡಿದ. ಉರ್ದುವಿಗೆ ದಾಟಿಸಿದೆ. ಅವನು ಮುದುಕನಿಗೆ ದಾಟಿಸಿದ. ಮುದುಕ ಮೊದಲ ಸಲ ಗಟ್ಟಿಯಾಗಿ ನಕ್ಕು ಶಿವಶರಣನ ಬೆನ್ನಿಗೆ ಗುದ್ದಿದ. ಶಿವಶರಣ ಬಾಳೆಯ ದಿಂಡಿಗೆ ಫಾರಂ ಒತ್ತಿ ಹಿಡಿದು, ಪೆನ್ಸಿಲ್ಲಿನ ನಿಜ್ವಾವನ್ನು ಹೊಡೆದುಹಾಕಿ, ಶಾಯಿಯಲ್ಲಿ ಸಲಾಲಾ ಎಂದು ಬರೆದ. ಹನಿ ಬಿದ್ದು ಶಾಯಿ ಹರಡಿತು. ಬೇರೆ ಫಾರಂ ತರಿಸಬೇಕಾಯಿತು.

ಸಂಜೆ ಪೇಟೆಯ ಟೆಲಿಫೋನ್ ಬೂತಿನಿಂದ ಕಮಲಾಪುರದ ಗೊಬ್ಬರದಂಗಡಿಗೆ ಫೋನ್ ಹಚ್ಚಿದೆ. ಬಸಣ್ಣಪ್ಪನವರನ್ನು ತೋಟದಿಂದ ಕರೆತರುವವರೆಗೆ ಕಾಯ್ದು ಮತ್ತೆ ಹಚ್ಚಿದೆ. ಕಂಡದ್ದನ್ನು ಕಂಡಂತೆ ಹೇಳುವುದು ನನ್ನ ಜವಾಬ್ದಾರಿಯಾಗಿತ್ತು. ಮನಸ್ಸಿನಲ್ಲಿಯೇ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆ. "ಕಾಕಾ," ಎನ್ನುವಷ್ಟರಲ್ಲಿ ಮಹಾದೇವಿ ರಿಸೀವರ್ ತೆಗೆದುಕೊಂಡಳು.

"ಅಪ್ಪಾ, ಇಲ್ಲಿ ಒಬ್ಬ ಅಜ್ಜ ಅದಾನ, ಒಂದ ಗಿಡಕ್ಕ ಆರ ಕಂದ ಬಿಟ್ಟಾನ. ಹೂಂ, ಆರು. ನಾನೂ ಅದೇ ಅಂದೆ. ಇಲ್ಲಪಾ, ಮಣ್ಣ ಛಲೋ ಅದ, ಸ್ವಲ್ಪ ಉಸುಕು ಹೆಚ್ಚು. ಕೆಂಪಂದಲ್ಲ, ಸಣ್ಣ ಹಣ್ಣು. ನೀರಾ? ನೀರ ಮ್ಯಾಗಿಂದ ಜಿನಿಜಿನಿ ಬೀಳ್ತಾನೇ ಇರ್ತದ, ಸೆಕಿ ಇಲ್ಲ ಏನಿಲ್ಲ. ಗೌರಿ ಬೆವರಸಾಲಿ ಇನ್ನ ಹೋಗ್ತಾವ. ನಾಳೆ ಇನ್ನೂ ನಾಲ್ಕ ಸಾಲ ಅದಾವ, ಮುಗಸ್ತೀನಿ ಅಂದೀನಿ."

ಬೂತಿನ ಗಾಜಿನ ಹೊರಗೆ ಶಿವಶರಣ ಒದ್ದೆ ಅಂಗಿಯಲ್ಲಿ ಗೌರಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಂತಿದ್ದ. ಫೋನಿನ ಕಾರ್ಡು ಮುಗಿಯುವ ಸದ್ದು ಶುರುವಾಯಿತು. ವಿಷಯಕ್ಕೆ ಬಾ ಎಂದು ನಾನು ಕೈಸನ್ನೆ ಮಾಡಿದೆ. ಆ ಕಡೆಯಿಂದ ಬಸಣ್ಣಪ್ಪನವರೂ ಅದನ್ನೇ ಕೇಳಿರಬೇಕು.

"ಯಾವಾಗ ಬರ್ತೀನಿ ಅಂದ್ರ?" ಎಂದಳು ಮಹಾದೇವಿ. "ಈ ಗಿಡ ಗೊನಿ ಹಾಕೂದ ನೋಡಿ ಬರ್ತೀನಿ, ಅಪ್ಪಾ."